ಕುದಿಸುವ ಕಾಯಿ, ಕುದಿಸದ ಕಾಯಿ

ಟೆಕ್ಸಸ್‌ನ ಆಸ್ಟಿನ್ ನಗರಕ್ಕೆ ಉತ್ತರದಲ್ಲಿ ತಾಗಿಕೊಂಡಿರುವ ಊರು ಫ್ಲೂಗರ್‌ವಿಲ್. ಮಾತಾಡುವವರು ಇಬ್ಬರು: ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಮಗಳ ಮನೆಗೆ ಬಂದಿರುವ ಅತ್ತೆ, ತಿಪಟೂರು ಸೀಮೆಯಲ್ಲಿ ಹುಟ್ಟಿ ಬೆಳೆದ ಅಳಿಯ. ಯುಗಾದಿ ಕಳೆದ ಮೇಲಿನ ಭಾನುವಾರ ಕನ್ನಡದ ಕೆಲವು ಕುಟುಂಬಗಳು ಊಟಕ್ಕೆ ಬರುವುದಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಅಂಗಡಿಯಿಂದ ತಂದ ಎರಡು ತೆಂಗಿನಕಾಯಿ.

ಅತ್ತೆ: ಈ ಕಾಯಿಗೆ ಪ್ಲಾಸ್ಟಿಕ್ ಯಾಕೆ ಸುತ್ತಿದ್ದಾರೆ? ನಡುವಿನಲ್ಲಿ ಗರಗಸದಿಂದ ಗೀರಿದ ಹಾಗೂ ಉಂಟಲ್ಲ.

ಅಳಿಯ: ಒಡೆಯೋದು ಸುಲಭ ಆಗಲಿ ಅಂತ ಯಂತ್ರದಲ್ಲಿ ಸುತ್ತ ಗೀರು ಹಾಕಿರ್ತಾರೆ ಅತ್ತೆ. ಅದರ ಮೇಲೆ ತಟ್ಟಿದ್ರೆ ಎರಡು ಹೋಳಾಗುತ್ತೆ. ಗೀರಿದ ಕಡೆಯಿಂದ ತೇವ ಆರಿಹೋಗದಿರಲಿ ಅಂತ ಪ್ಲಾಸ್ಟಿಕ್. ಇಲ್ಲಿಯವರ ಮನೆಗಳಲ್ಲಿ ಕತ್ತಿ ಇರಲ್ಲ, ಕಾಯಿ ಕುಟ್ಟೋದಕ್ಕೆ ಕಲ್ಲೂ ಇರಲ್ಲ.

ಅತ್ತೆ: ಜುಟ್ಟು ಎಲ್ಲಿ?

ಅಳಿಯ: ಬೋಳಿಸಿಯೇ ಬರೋದು. ಜುಟ್ಟಿನ ಕಾಯಿ ಬೇಕಂದ್ರೆ ನಮ್ಮವರ ಅಂಗಡಿಗೇ ಹೋಗಬೇಕು, ಹಬ್ಬದ ಹಿಂದಿನ ದಿನ ಅಲ್ಲೂ ಖಾಲಿ. ಕಲಶಕ್ಕೆ ಅದು ಬೇಕೇ ಬೇಕು. ಅಡುಗೆಗೆ ಜುಟ್ಟಿದ್ರೇನು, ಇಲ್ಲದಿದ್ರೇನು ಅಂತ ಇದನ್ನ ತಂದೆ.

ಅತ್ತೆ: ಅಡುಗೆಗೂ ಬೇಕಾದ್ದು ಅದು. ಕರಟ ಎಲ್ಲಾ ಕಡೆ ಗಟ್ಟಿ, ಮೂರು ಕಣ್ಣಿನಲ್ಲಿ ಒಂದು ಮಾತ್ರ ಮೆತ್ತಗೆ. ಮೊಳಕೆ ಹೊರಗೆ ಬರುವ ದಾರಿ ಅದು. ಬೂಷ್ಟು ಒಳಗೆ ಹೋಗುವುದೂ ಅದೇ ದಾರಿಯಲ್ಲಿ. ಜುಟ್ಟು ಆ ಕಣ್ಣನ್ನು ಮುಚ್ಚಿಕೊಂಡಿರ್ತದೆ. ನಮ್ಮಲ್ಲಿ ಸಿಪ್ಪೆ ಸಹಿತ ರಾಶಿ ಹಾಕಿ ಇಡ್ತೇವೆ, ಬೇಕಾದ ಹಾಗೆ ಸುಲಿಯುವುದು. ಸುಲಿದರೂ ಜುಟ್ಟು ಬಿಡ್ತೇವೆ, ಒಡೆಯುವ ಹೊತ್ತಿಗೆ ಕೀಳುವುದು. ಈ ಕಾಯಿ ಸುಲಿದು ಎಷ್ಟು ದಿನ ಆಯಿತೋ, ಕಣ್ಣು ಬಿಟ್ಟುಕೊಂಡು ಎಷ್ಟು ದೂರ ಬಂತೋ. ಇಲ್ಲಿ ಒಡೆಯುವುದು ಕಷ್ಟ ಅಲ್ಲ, ಆರಿಸುವುದು ಕಷ್ಟ.

ಅಳಿಯ: ಹೇಗೆ ಆರಿಸೋದು ಹೇಳಿ. ಭಾನುವಾರಕ್ಕೆ ನಾನೇ ತರಬೇಕು.

ಅತ್ತೆ: ಮೊದಲು ಕಣ್ಣು ನೋಡಿ. ಒಣಗಿರಬೇಕು, ಒದ್ದೆಯಾಗಿ ಕಪ್ಪಾಗಿರಬಾರದು, ಬಿಳಿ ಬೂಷ್ಟು ಇರಬಾರದು. ಹೆಬ್ಬೆರಳಿನಿಂದ ಒತ್ತಿದರೆ ಮೆತ್ತನೆಯ ಕಣ್ಣು ಕುಸಿಯಬಾರದು. ಮತ್ತೆ ಕೈಯಲ್ಲಿ ಹಿಡಿದು ತೂಕ ನೋಡುವುದು. ಒಂದೇ ಗಾತ್ರದ ಎರಡು ಕಾಯಿಯಲ್ಲಿ ತೂಕದ್ದನ್ನು ತೆಗೆದುಕೊಳ್ಳಿ. ಕಿವಿಯ ಹತ್ತಿರ ಕುಲುಕಿ: ನೀರಿನ ಸದ್ದು ಬರಬೇಕು. ತೂಕ ಉಂಟು, ಸದ್ದಿಲ್ಲ ಅಂತಾದರೆ ಇನ್ನೂ ಪೂರ್ತಿ ಬಲಿತಿಲ್ಲ, ನೀರು ತುಂಬಿಕೊಂಡಿದೆ. ತೂಕವೂ ಇಲ್ಲ, ಸದ್ದೂ ಇಲ್ಲ ಅಂದರೆ ಎಲ್ಲೋ ಬಿರುಕು ಬಿಟ್ಟು ನೀರು ಹೋಗಿದೆ, ಅದನ್ನು ಮುಟ್ಟಬೇಡಿ. ಈ ಪ್ಲಾಸ್ಟಿಕ್ ಸುತ್ತಿದ ಕಾಯಿಯಲ್ಲಿ ಕಣ್ಣು ಸರಿಯಾಗಿ ಕಾಣುವುದೇ ಇಲ್ಲ. ನನ್ನನ್ನು ಕೇಳಿದರೆ ಪ್ಲಾಸ್ಟಿಕ್ ಸುತ್ತದೆ ಇರುವುದನ್ನೇ ತನ್ನಿ, ಒಡೆಯುವ ಕೆಲಸ ನನಗಿರಲಿ.

ಅಳಿಯ: ಅದೇ ಅಂಗಡಿಯಲ್ಲಿ ಬೆಳ್ಳಗೆ ಕೆತ್ತಿದ ಥಾಯ್ಲೆಂಡ್ ಕಾಯಿಗಳೂ ಸಾಲಾಗಿರುತ್ತವೆ, ತಲೆ ಚೂಪು ಮಾಡಿ.

ಅತ್ತೆ: ಅದು ಬೊಂಡ. ಕುಡಿಯಲಿಕ್ಕೆ ಒಳ್ಳೆಯದು. ಒಳಗಿನ ಗಂಜಿಯನ್ನು ರುಬ್ಬಿದರೆ ಚಟ್ನಿ ಆಗುವುದಿಲ್ಲ, ಎಣ್ಣೆಯೇ ಇಲ್ಲ ಅದರಲ್ಲಿ. ಅಡುಗೆಗೆ ಹನ್ನೊಂದು-ಹನ್ನೆರಡು ತಿಂಗಳು ಮರದಲ್ಲಿ ಬಲಿತ ಕಾಯಿಯೇ ಆಗಬೇಕು. ಅದು ಸರಿ, ಈ ಕಂದು ಕಾಯಿ ಎಲ್ಲಿಯದು? ಟೆಕ್ಸಸ್‌ನಲ್ಲಿ ತೆಂಗು ಆಗ್ತದಾ?

ಅಳಿಯ: ದಕ್ಷಿಣದ ತುದಿ, ಬ್ರೌನ್ಸ್‌ವಿಲ್ ಕಡೆ, ಅಲ್ಲೊಂದು ಇಲ್ಲೊಂದು ಮರ ಬದುಕುತ್ತವೆ. ಇಲ್ಲಿ ಚಳಿಗಾಲ ದಾಟಲ್ಲ. ಸ್ಟಿಕರ್ ನೋಡಿ, ಇದು ಡೊಮಿನಿಕನ್ ರಿಪಬ್ಲಿಕ್‌ನದು. ಕೆಲವು ಸಲ ಮೆಕ್ಸಿಕೋದ್ದು ಬರುತ್ತೆ. ಈ ಕಾಯಿಯ ವಂಶದ ಬಗ್ಗೆ ಓದಿದಾಗ ನನಗೆ ಬಹಳ ಸಂತೋಷ ಆಯ್ತು ಅತ್ತೆ. 2011ರಲ್ಲಿ ಬೀ ಗನ್, ಲುಕ್ ಬೊದ್ವಾಂ, ಕೆನೆತ್ ಓಲ್ಸನ್ ಅನ್ನೋ ವಿಜ್ಞಾನಿಗಳು ಲೋಕದ ನಾನಾ ಕಡೆಯ 1,300ಕ್ಕೂ ಹೆಚ್ಚು ತೆಂಗಿನ ಮಾದರಿಗಳ ಡಿಎನ್‌ಎ ನೋಡಿ ವರದಿ ಪ್ರಕಟಿಸಿದ್ರು. ತೆಂಗಿನಲ್ಲಿ ಎರಡು ದೊಡ್ಡ ಕುಲ. ಒಂದು ಪೆಸಿಫಿಕ್ ಸಾಗರದ ಕಡೆಯದು, ಇನ್ನೊಂದು ಹಿಂದೂ ಮಹಾಸಾಗರದ್ದು. ಎರಡನೆಯದನ್ನ ಜನ ನೆಟ್ಟು ಸಾಕಿದ್ದು ದಕ್ಷಿಣ ಭಾರತದ ಅಂಚು, ಶ್ರೀಲಂಕಾ, ಮಾಲ್ಡೀವ್ಸ್, ಲಕ್ಷದ್ವೀಪದ ಸುತ್ತ ಇರಬೇಕು ಅಂತ ಅವರ ತೀರ್ಮಾನ. ಅಲ್ಲಿಂದ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾ ಬಳಸಿ ಅಟ್ಲಾಂಟಿಕ್ ದಾಟಿ ಕೆರಿಬಿಯನ್ ದ್ವೀಪಗಳಿಗೆ ಹೋಯ್ತು. ಮೆಕ್ಸಿಕೋದ ಪೆಸಿಫಿಕ್ ದಡದ ತೆಂಗು ಬೇರೆ, ಅದು ಸ್ಪೇನಿನವರ ಹಡಗಲ್ಲಿ ಫಿಲಿಪೈನ್ಸ್‌ನಿಂದ ಬಂದದ್ದು.

ಅತ್ತೆ: ಹಾಗಾದರೆ ಈ ಡೊಮಿನಿಕನ್ ಕಾಯಿ ನಮ್ಮ ಕಡಲ ಕರೆಯದ್ದೇ ಸಂತಾನ!

ಅಳಿಯ: ಹೌದು. ಐನೂರು ವರ್ಷ ಊರು ಸುತ್ತಿ ನಿಮ್ಮ ಮಗಳ ಅಡುಗೆಮನೆಗೆ ಬಂದಿದೆ.

ಅತ್ತೆ: ನಮ್ಮ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ, ಮದ್ರಾಸ್ ಸರಕಾರದ ಕಾಲದಲ್ಲಿ. 1970ರಲ್ಲಿ ಅದು ಸಿಪಿಸಿಆರ್‌ಐ ಆಯಿತು, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಉದ್ದ ತಳಿಗೆ ಗಿಡ್ಡ ತಳಿ ಸೇರಿಸಿ ಮಿಶ್ರತಳಿ ಮಾಡಿದ್ದು ನೀಲೇಶ್ವರದಲ್ಲಿ, 1932ರಲ್ಲಿ, ಲೋಕದಲ್ಲೇ ಮೊದಲನೆಯದು. ಅಪ್ಪ ಕಾಸರಗೋಡಿನಿಂದ ಸಸಿ ತರ್ತಿದ್ದರು. ಆದರೆ ಮನೆಯ ಅಡುಗೆಗೆ ಹಳೆಯ ಉದ್ದ ಮರದ ಕಾಯಿಯೇ ಬೇಕು ಅಂತ ಅಮ್ಮನ ಹಠ. ತಿರುಳು ದಪ್ಪ, ಹಾಲು ಹೆಚ್ಚು. ಇರಲಿ, ಆ ಕತ್ತಿ ಕೊಡಿ. ಅದಲ್ಲ, ದೊಡ್ಡದು.

ಅಳಿಯ: ಅದು ಚೀನೀ ಅಂಗಡಿಯ ಮಾಂಸ ಕಡಿಯೋ ಕತ್ತಿ. ಆಗುತ್ತಾ?

ಅತ್ತೆ: ಬೆನ್ನು ದಪ್ಪ ಉಂಟು, ಸಾಕು. ಬಾಯಿಯಿಂದ ಯಾವತ್ತೂ ಹೊಡೆಯಬಾರದು. ನೋಡಿ, ಕಣ್ಣಿನಿಂದ ಬುಡದವರೆಗೆ ಕರಟದ ಮೇಲೆ ಮೂರು ಏಣು ಉಂಟು. ಅವಕ್ಕೆ ಅಡ್ಡವಾಗಿ, ಸೊಂಟದ ಸುತ್ತಲೂ ಕಾಯಿಯನ್ನು ತಿರುಗಿಸುತ್ತಾ ತಟ್ಟುವುದು. ಜೋರು ಬೇಡ, ಒಂದೇ ಸಾಲು ತಪ್ಪಬಾರದು ಅಷ್ಟೇ. ಸದ್ದು ಕೇಳಿ: ಮೊದಲು ಟಣ್ ಅಂತಿತ್ತು, ಈಗ ದಬ್ ಅಂತ ಬಂತಲ್ಲ, ಬಿರುಕು ಬಿಟ್ಟಿತು. ಪಾತ್ರೆ ಹಿಡಿಯಿರಿ ಕೆಳಗೆ.

ಅಳಿಯ: ಇಲ್ಲಿ ಬಹಳ ಜನ ಸ್ಕ್ರೂಡ್ರೈವರ್‌ನಲ್ಲಿ ಕಣ್ಣು ತೂತು ಮಾಡಿ ನೀರು ಬಸಿದು, ಕಾಯಿಯನ್ನ ಓವನ್‌ನಲ್ಲಿ ಹದಿನೈದಿಪ್ಪತ್ತು ನಿಮಿಷ ಇಡ್ತಾರೆ. ಚಿಪ್ಪು ತಾನೇ ಬಿರುಕು ಬಿಟ್ಟು ಕಾಯಿ ಇಡಿಯಾಗಿ ಬಿಡಿಸಿಕೊಂಡು ಬರುತ್ತೆ. ನನಗೆ ತಿಪಟೂರಿನ ಮನೆಯ ಅಟ್ಟ ನೆನಪಾಗುತ್ತೆ. ಅಲ್ಲಿ ಕಾಯಿನ ಅಟ್ಟದಲ್ಲಿ ಎಂಟು-ಹತ್ತು ತಿಂಗಳು, ಕೆಲವು ಸಲ ವರ್ಷ, ಸುಮ್ಮನೆ ಬಿಡ್ತಾರೆ. ಒಳಗಿನ ನೀರು ಪೂರ್ತಿ ಆರಿ, ತಿರುಳು ಕುಗ್ಗಿ ಚಿಪ್ಪು ಬಿಡುತ್ತೆ. ಕುಲುಕಿದ್ರೆ ಗಡಗಡ ಅನ್ನುತ್ತೆ. ಒಡೆದ್ರೆ ಉಂಡೆ ಕೊಬ್ಬರಿ. ಓವನ್ ಮಾಡೋದೂ ತಿರುಳು ಕುಗ್ಗಿಸೋ ಅದೇ ಕೆಲಸ, ಇಪ್ಪತ್ತು ನಿಮಿಷದಲ್ಲಿ.

ಅತ್ತೆ: ಮಿಠಾಯಿಗೆ, ಹುರಿದು ಪುಡಿ ಮಾಡುವುದಕ್ಕೆ ಓವನ್ ಆದೀತು. ಹಸಿಯಾಗಿ ರುಬ್ಬುವುದಕ್ಕೆ ಬೇಡ. ಬಿಸಿ ತಾಗಿದ ಕಾಯಿಗೆ ಹಸಿ ಪರಿಮಳ ಇರುವುದಿಲ್ಲ. ಇದಾ, ಒಡೆಯಿತು. ನೀರು ಮೊದಲು ಮೂಸಿ ನೋಡಿ. ಮತ್ತೆ ಒಂದು ಚೂರು ತಿರುಳು ಬಾಯಿಗೆ ಹಾಕಿ.

ಅಳಿಯ: ನೀರು ಸಿಹಿ ಇದೆ. ಕಾಯಿ ಕೂಡ ಚೆನ್ನಾಗಿದೆ. ಹೋದ ಸಲ ತಂದದ್ದು ಬಾಯಿಗಿಟ್ರೆ ಸೋಪಿನ ರುಚಿ.

ಅತ್ತೆ: ಎಣ್ಣೆ ಕೆಟ್ಟರೆ ಅದೇ ರುಚಿ. ತೆಂಗಿನೆಣ್ಣೆಯಿಂದ ಸಾಬೂನು ಮಾಡುವುದು ಗೊತ್ತಲ್ಲ, ಕೆಟ್ಟ ಕಾಯಿಯಲ್ಲಿ ಆ ಕೊಬ್ಬು ತಾನೇ ಒಡೆದು ಅದೇ ವಾಸನೆ ಬರ್ತದೆ. ತಿರುಳು ಹಳದಿಯೋ ನಸುಗೆಂಪೋ ಆಗಿದ್ದರೆ, ಬೆರಳಿಗೆ ಲೋಳೆ ಹತ್ತಿದರೆ, ಕೆಟ್ಟ ಭಾಗ ಕೆತ್ತಿ ತೆಗೆದು ಉಳಿದದ್ದು ಬಳಸುವ ಯೋಚನೆ ಬೇಡ. ಇಡೀ ಕಾಯಿ ಬಿಸಾಡಿ.

ಅಳಿಯ: ಇದನ್ನ ಎಲ್ಲರಿಗೂ ಹೇಳಬೇಕು ಅತ್ತೆ, ಬರೀ ರುಚಿಯ ಮಾತಲ್ಲ. ಡೆನ್ಮಾರ್ಕ್‌ನಲ್ಲಿ ಒಬ್ಬರು ನೀರು ಕುಡಿಯೋದಕ್ಕೆ ಸಿದ್ಧ ಮಾಡಿದ ಕಾಯಿ ತಂದು, ಫ್ರಿಜ್‌ನಲ್ಲಿಡದೆ ಒಂದು ತಿಂಗಳು ಮೇಜಿನ ಮೇಲಿಟ್ಟು, ಆಮೇಲೆ ಕುಡಿದು ತೀರಿಕೊಂಡ್ರು. ಒಳಗೆ ಬೆಳೆದ ಶಿಲೀಂಧ್ರ ನರಗಳಿಗೆ ಮಾರಕವಾದ ವಿಷ ಮಾಡಿತ್ತು. ವೈದ್ಯರು 2021ರಲ್ಲಿ ಆ ಪ್ರಕರಣದ ವರದಿ ಬರೆದ್ರು. ಆತ ಕುಡಿದದ್ದು ಸ್ವಲ್ಪವೇ. ರುಚಿ ಕೆಟ್ಟಿದೆ ಅಂತ ಗೊತ್ತಾಗಿ ಬಿಟ್ಟಿದ್ರು.

ಅತ್ತೆ: ದೇವರೇ. ಹಾಗಾದರೆ ಗೀರು ಹಾಕಿದ ಕಾಯಿಯನ್ನು ಕಟ್ಟೆಯ ಮೇಲೆ ಇಡಬೇಡಿ, ಇನ್ನೊಂದನ್ನು ಈಗಲೇ ಫ್ರಿಜ್‌ನಲ್ಲಿಡಿ. ಮಕ್ಕಳ ಕೈಗೆ ಕಾಯಿನೀರು ಕೊಡುವ ಮೊದಲು ದೊಡ್ಡವರು ಮೂಸಿ ನೋಡಲೇಬೇಕು. ಹೆರೆಮಣೆ ಎಲ್ಲಿ? ಮಗಳು ಮದುವೆಯಾದ ವರ್ಷ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದ್ದೆ.

ಅಳಿಯ: ಗ್ಯಾರೇಜಿನಲ್ಲಿದೆ, ತರ್ತೀನಿ. ನಾವು ಕಟ್ಟೆಗೆ ಕಚ್ಚಿಸಿ ಹಿಡಿಕೆ ತಿರುಗಿಸೋ ತುರಿಯುವ ಯಂತ್ರ ಬಳಸ್ತೀವಿ. ನಿಜ ಹೇಳಬೇಕಂದ್ರೆ ಅದೂ ಅಪರೂಪ. ಫ್ರೀಜರ್‌ನಲ್ಲಿ ತುರಿದ ಕಾಯಿಯ ಪೊಟ್ಟಣ ಯಾವಾಗಲೂ ಇರುತ್ತೆ. ಕೇರಳದ್ದು ಬರುತ್ತೆ, ಚೆನ್ನಾಗಿಯೇ ಇರುತ್ತೆ. ಕೆಲಸ ಮುಗಿಸಿ ಆರು ಗಂಟೆಗೆ ಬಂದು ಕಾಯಿ ಒಡೆದು ತುರಿದು ಅಡುಗೆ ಮಾಡೋದಕ್ಕೆ ಯಾರಿಗೆ ಪುರುಸೊತ್ತಿದೆ ಹೇಳಿ?

ಅತ್ತೆ: ಪೊಟ್ಟಣವನ್ನು ನಾನು ಬೇಡ ಹೇಳುವುದಿಲ್ಲ. ಮೊನ್ನೆ ಮಗಳು ಅದರಲ್ಲೇ ಸೌತೆಯ ಕೊದ್ದೆಲು ಮಾಡಿದಳು, ಲಾಯಕ್ಕಾಗಿತ್ತು. ಮೆಣಸು, ಹುಳಿ, ಬೆಳ್ಳುಳ್ಳಿ ಒಗ್ಗರಣೆ ಇವೆಲ್ಲ ಸೇರಿ ಕುದಿಯುವಾಗ ಕಾಯಿ ಮಂದ ಕೊಟ್ಟರೆ ಸಾಕು, ಅದರ ಸ್ವಂತ ಪರಿಮಳವನ್ನು ಯಾರೂ ಹುಡುಕುವುದಿಲ್ಲ. ಸಾಂಬಾರಿಗೆ, ಹುಳಿಗೆ, ಪಲ್ಯದ ಮೇಲೆ ಉದುರಿಸಲಿಕ್ಕೆ ಪೊಟ್ಟಣ ಧಾರಾಳ ಸಾಕು. ಆದರೆ ಅದೇ ಪೊಟ್ಟಣದಿಂದ ತಂಬುಳಿ ಮಾಡಿದಾಗ ನಾಲಗೆಗೆ ಮರಳಿನ ಹಾಗೆ ಸಿಕ್ಕಿತು. ತಂಬುಳಿಯನ್ನು ಕುದಿಸುವುದಿಲ್ಲ, ಬಿಸಿಯೂ ಮಾಡುವುದಿಲ್ಲ. ಕಾಯಿ ಹೇಗಿದೆಯೋ ಹಾಗೇ ಬಾಯಿಗೆ ಬರ್ತದೆ.

ಅಳಿಯ: ಯಾಕೆ ಹಾಗಾಗುತ್ತೆ ಅಂತ ನಾನೂ ಯೋಚನೆ ಮಾಡಿದ್ದೀನಿ. ಹಸಿ ಕಾಯಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರು, ಮೂರರಲ್ಲಿ ಒಂದು ಪಾಲು ಕೊಬ್ಬು. ಹೆಪ್ಪುಗಟ್ಟಿದಾಗ ಆ ನೀರು ಹರಳಾಗಿ ಒಳಗಿನ ಕೋಶಗಳನ್ನ ಸೀಳುತ್ತೆ. ಕರಗಿದ ಮೇಲೆ ನೀರು ಬೇರೆ, ನಾರು ಬೇರೆ. ಇನ್ನೊಂದು, ತೆಂಗಿನ ಕೊಬ್ಬು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತೆ. ತಣ್ಣಗಿರೋ ತುರಿಗೆ ತಣ್ಣೀರು ಹಾಕಿ ಮಿಕ್ಸಿ ತಿರುಗಿಸಿದ್ರೆ ಕೊಬ್ಬು ಸಣ್ಣ ಸಣ್ಣ ಗಂಟಾಗಿ ನಿಲ್ಲುತ್ತೆ. ಹೊರಗೆ 38 ಡಿಗ್ರಿ ಬಿಸಿಲಿದ್ರೂ ಮನೆಯೊಳಗೆ ಎಸಿ 22ರಲ್ಲಿ ಇರುತ್ತಲ್ಲ.

ಅತ್ತೆ: ಅದಕ್ಕೇ ಇಲ್ಲಿ ಎಣ್ಣೆಯ ಬಾಟಲಿ ಬಿಸಿಲುಗಾಲದಲ್ಲೂ ಗಟ್ಟಿ. ನಮ್ಮಲ್ಲಿ ಧನು ಮಾಸದ ಬೆಳಿಗ್ಗೆ ಮಾತ್ರ ಸ್ವಲ್ಪ ಹೆಪ್ಪು ಹಿಡಿಯುವುದು. ಹಾಗಾದರೆ ಇಲ್ಲಿ ಹಸಿ ಕಾಯಿಯನ್ನೂ ಉಗುರು ಬೆಚ್ಚಗಿನ ನೀರು ಹಾಕಿಯೇ ರುಬ್ಬಬೇಕು. ಪೊಟ್ಟಣದ್ದಾದರೆ ಮೊದಲು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ ರುಬ್ಬಲಿ.

ಅಳಿಯ: ಪೊಟ್ಟಣ ಆರಿಸೋದಕ್ಕೂ ಒಂದು ಲಕ್ಷಣ ಇದೆ. ಮೇಲಿನಿಂದ ಒತ್ತಿದ್ರೆ ತುರಿ ಉದುರು ಉದುರಾಗಿ ಬಿಡಬೇಕು. ಇಡೀ ಪೊಟ್ಟಣ ಒಂದೇ ಗಟ್ಟಿಯಾಗಿದ್ದು ಮೂಲೆಯಲ್ಲಿ ಮಂಜು ಕಟ್ಟಿದ್ರೆ ಎಲ್ಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಪೂರ್ತಿ ಹಿಮ ಬಿದ್ದು ದಿನಗಟ್ಟಲೆ ಕರೆಂಟ್ ಹೋಗಿತ್ತು. ಆಗ ಪೊಟ್ಟಣಗಳನ್ನ ಹೊರಗೆ ಹಿಮದಲ್ಲಿ ಹೂತಿಟ್ಟು ಉಳಿಸಿಕೊಂಡವರಿದ್ದಾರೆ.

ಅತ್ತೆ: ಮತ್ತೆ ಆ ಒಣ ತುರಿ, ಕೇಕಿಗೆ ಹಾಕುವಂಥದ್ದು?

ಅಳಿಯ: ಅದರ ಹತ್ತಿರ ಹೋಗಬೇಡಿ. ಅಮೆರಿಕದ ಅಂಗಡಿಯ ಬೇಕಿಂಗ್ ಸಾಲಿನಲ್ಲಿ ಸಿಗೋದರಲ್ಲಿ ಹೆಚ್ಚಿನದಕ್ಕೆ ಸಕ್ಕರೆ ಹಾಕಿರ್ತಾರೆ. ಅದರದ್ದೂ ಒಂದು ಕಥೆ. 19ನೇ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯಾದ ಹಿಟ್ಟಿನ ವ್ಯಾಪಾರಿ ಫ್ರಾಂಕ್ಲಿನ್ ಬೇಕರ್ ಕ್ಯೂಬಾಕ್ಕೆ ಹಿಟ್ಟು ಕಳಿಸಿದ. ಹಣದ ಬದಲು ಅಲ್ಲಿಂದ ಬಂದದ್ದು ಒಂದು ಹಡಗು ತೆಂಗಿನಕಾಯಿ. ಮಾರೋದಕ್ಕೆ ದಾರಿ ಕಾಣದೆ ತುರಿದು ಒಣಗಿಸಿ ಮಾರಿದ. ಅಮೆರಿಕದವರಿಗೆ ತೆಂಗು ಅಂದ್ರೆ ಕೇಕಿನ ಮೇಲಿನ ಸಿಹಿ ತುರಿ ಅಂತ ಆಗಿದ್ದರಲ್ಲಿ ಅವನ ಪಾಲು ದೊಡ್ಡದು.

ಅತ್ತೆ: ಪಾಪ, ಖಾರಕ್ಕೆ ಹಾಕಿ ತಿಂದು ನೋಡಲಿಲ್ಲ ಅವರು. ಸರಿ, ಹೆರೆಯುತ್ತಾ ಮಾತಾಡುವ. ಬಿಳಿ ಇದ್ದಷ್ಟು ಮಾತ್ರ ಹೆರೆಯಬೇಕು, ಕಂದು ಸಿಪ್ಪೆ ಕಾಣುತ್ತಲೇ ನಿಲ್ಲಿಸಿ. ಆ ಕೊನೆಯ ತುರಿ ಹುಳಿಗೆ ಹೋಗಲಿ, ತಂಬುಳಿಗೆ ಬಂದರೆ ಬಣ್ಣವೂ ಕೆಡ್ತದೆ, ಸ್ವಲ್ಪ ಕಹಿಯೂ ಬರ್ತದೆ. ಸಂಬಾರಬಳ್ಳಿ ಸಿಗ್ತದಾ ಇಲ್ಲಿ?

ಅಳಿಯ: ದೊಡ್ಡಪತ್ರೆ ತಾನೆ? ಕಿಟಕಿ ಹತ್ತಿರ ಕುಂಡದಲ್ಲಿದೆ ನೋಡಿ. ಇಲ್ಲಿಯ ನರ್ಸರಿಗಳಲ್ಲಿ ಕ್ಯೂಬನ್ ಒರೆಗಾನೊ ಅಂತ ಮಾರ್ತಾರೆ. ಡಿಸೆಂಬರ್‌ನಲ್ಲಿ ಒಳಗೆ ತಂದಿಟ್ಟರೆ ಬದುಕುತ್ತೆ.

ಅತ್ತೆ: ಹತ್ತು ಎಲೆ ಕೊಯ್ಯಿರಿ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಜೀರಿಗೆ ಸಿಡಿದ ಮೇಲೆ ಎಲೆ ಹಾಕಿ ಬಾಡಿಸುವುದು. ಪೂರ್ತಿ ತಣಿಯಬೇಕು. ಆತುರದಲ್ಲಿ ಬಿಸಿಯಾಗಿಯೇ ರುಬ್ಬಿದರೆ ಕಾಯಿಯ ಹಸಿತನ ಹೋಗ್ತದೆ. ಆಮೇಲೆ ಅರ್ಧ ಗಡಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ. ತುಪ್ಪದಲ್ಲಿ ಸಾಸಿವೆ, ಬ್ಯಾಡಗಿ ಮೆಣಸಿನ ಚೂರು ಒಗ್ಗರಣೆ. ಮುಗಿಯಿತು. ಮಜ್ಜಿಗೆ ಮಾತ್ರ ಮನೆಯ ಮೊಸರಿಗೆ ನೀರು ಹಾಕಿ ಕಡೆದದ್ದೇ ಆಗಬೇಕು. ಇಲ್ಲಿಯ ಅಂಗಡಿಯ ಮಜ್ಜಿಗೆ ಮಂದ, ಹುಳಿಯೂ ಹೆಚ್ಚು.

ಅಳಿಯ: ನಮ್ಮ ಕಡೆ ತಂಬುಳಿ ಅಷ್ಟಾಗಿ ಇಲ್ಲ. ನಮ್ಮಲ್ಲಿ ಹಸಿ ಕಾಯಿ ಅಂದ್ರೆ ಹುರಿಗಡಲೆ ಹಾಕಿದ ಚಟ್ನಿ, ಕೋಸಂಬರಿ. ಸಾರಿನ ಪುಡಿಗೆ, ಬಿಸಿಬೇಳೆ ಬಾತಿಗೆ, ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿಯೇ. ತೋಟದ ತುಂಬ ಕಾಯಿ ಇದ್ರೂ ಮನೆಯಲ್ಲಿ ಹಸಿ ಕಾಯಿ ಲೆಕ್ಕ ಹಾಕಿ ಬಳಸ್ತಿದ್ರು, ಎಲ್ಲ ಅಟ್ಟಕ್ಕೆ ಹೋಗಿ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗಬೇಕಿತ್ತು. ಹಣ ಬರ್ತಿದ್ದದ್ದು ಅದರಿಂದಲೇ.

ಅತ್ತೆ: ಭಾನುವಾರ ಎರಡೂ ಮಾಡುವ. ನಿಮ್ಮ ಚಟ್ನಿ, ಕೋಸಂಬರಿ, ನಮ್ಮ ತಂಬುಳಿ. ಪಾಯಸಕ್ಕೆ ಕಾಯಿಹಾಲು ನಾನು ತೆಗೀತೇನೆ. ಡಬ್ಬಿಯ ಹಾಲು ಬೇಡ.

ಅಳಿಯ: ಡಬ್ಬಿಯದು ಕುದಿಸಿದ್ರೂ ಅಷ್ಟು ಸುಲಭಕ್ಕೆ ಒಡೆಯಲ್ಲ ಅತ್ತೆ. ಹೆಚ್ಚಿನವುಗಳಲ್ಲಿ ಗೋರಿಕಾಯಿ ಬೀಜದ ಅಂಟು ಬೆರೆಸಿರ್ತಾರೆ.

ಅತ್ತೆ: ಅದೇ ಬೇಡ ಹೇಳುವುದು. ಆ ಅಂಟಿನಿಂದ ಪಾಯಸ ತಣಿದ ಮೇಲೆ ಲೋಳೆಯಾಗ್ತದೆ. ನಿಜವಾದ ಹಾಲು ಒಡೆಯದ ಹಾಗೆ ಮಾಡಲಿಕ್ಕೆ ಕ್ರಮ ಉಂಟು. ಮೊದಲ ಹಿಂಡಿನ ದಪ್ಪ ಹಾಲು ಬದಿಗಿಡುವುದು. ಬೆಚ್ಚಗಿನ ನೀರು ಹಾಕಿ ಇನ್ನೊಮ್ಮೆ ರುಬ್ಬಿ ಹಿಂಡಿದ ನೀರು ಹಾಲಿನಲ್ಲಿ ಅಕ್ಕಿಯೋ ಬೇಳೆಯೋ ಬೇಯಿಸಿ, ಬೆಲ್ಲ ಕರಗಿಸಿ ಕುದಿಸುವುದು. ಒಲೆ ಆರಿಸಿದ ಮೇಲೆ ದಪ್ಪ ಹಾಲು ಹೊಯ್ದು ತಿರುವಬೇಕು.

ಅಳಿಯ: 80 ಡಿಗ್ರಿಯ ಹತ್ತಿರ ಹೋದ್ರೆ ಕಾಯಿಹಾಲಿನ ಪ್ರೋಟೀನು ಗಟ್ಟಿಯಾಗಿ ಎಣ್ಣೆ ಬೇರೆ ಆಗುತ್ತೆ. ಒಲೆ ಆರಿಸಿ ಹಾಕೋದರ ಗುಟ್ಟು ಅದೇ. ಇನ್ನೊಂದು ವಿಷಯ ನೆನಪಾಯ್ತು. ಬರೋ ಮಕ್ಕಳಲ್ಲಿ ಒಬ್ಬನಿಗೆ ಬಾದಾಮಿ, ಗೋಡಂಬಿ ಅಲರ್ಜಿ. ಇಲ್ಲಿಯ ಆಹಾರ ಇಲಾಖೆ ತೆಂಗನ್ನೂ ಅದೇ ಗುಂಪಿಗೆ ಸೇರಿಸಿ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಸ್ತಿತ್ತು. 2025ರ ಜನವರಿಯಲ್ಲಿ ಆ ಪಟ್ಟಿಯಿಂದ ತೆಗೀತು. ಆದ್ರೂ ತೆಂಗಿಗೇ ಅಲರ್ಜಿ ಇರೋರು ಅಪರೂಪಕ್ಕೆ ಇರ್ತಾರೆ.

ಅತ್ತೆ: ಅವನ ಅಮ್ಮನಿಗೆ ಇವತ್ತೇ ಫೋನ್ ಮಾಡಿ ಕೇಳಿ. ಬೇಡ ಅಂದರೆ ಅವನಿಗೆ ಕಾಯಿ ಹಾಕದ ಹೆಸರುಬೇಳೆ ಪಾಯಸ ಬೇರೆಯೇ ಪಾತ್ರೆಯಲ್ಲಿ ಮಾಡುವ, ಸೌಟೂ ಬೇರೆ ಇರಲಿ.

ಅಳಿಯ: ಸರಿ. ಮೂವತ್ತು ಜನಕ್ಕೆ ಎಷ್ಟು ಕಾಯಿ ಬೇಕಾಗುತ್ತೆ?

ಅತ್ತೆ: ಹುಳಿಗೆ, ಪಲ್ಯಕ್ಕೆ ನಿಮ್ಮ ಫ್ರೀಜರ್‌ನ ಪೊಟ್ಟಣವೇ ಆಗಲಿ, ಅದಕ್ಕೆ ಕಾಯಿ ಒಡೆದು ಕೈ ನೋಯಿಸಿಕೊಳ್ಳುವುದು ಬೇಡ. ತಂಬುಳಿಗೆ ಎರಡು, ಚಟ್ನಿಗೆ ಕೋಸಂಬರಿಗೆ ಸೇರಿ ಎರಡು, ಪಾಯಸಕ್ಕೆ ನಾಲ್ಕು. ಶನಿವಾರ ಸಂಜೆ ತನ್ನಿ, ಒಡೆಯುವುದು ಭಾನುವಾರ ಬೆಳಿಗ್ಗೆ. ಹಸಿಯಾಗಿ ರುಬ್ಬಿದ ಕಾಯಿ ಫ್ರಿಜ್‌ನಲ್ಲಿಟ್ಟರೂ ಮರುದಿನಕ್ಕೆ ಮೊದಲಿನ ಹಾಗೆ ಇರುವುದಿಲ್ಲ.

ಅಳಿಯ: ಹಾಗಾದ್ರೆ ಎಂಟು.

ಅತ್ತೆ: ಎಂಟು ಬೇಕಾದರೆ ಹತ್ತು ತನ್ನಿ. ಎಷ್ಟು ನೋಡಿ ಆರಿಸಿದರೂ ಒಂದೆರಡು ಕೆಟ್ಟಿರ್ತವೆ.